ಕೊಡಗು ಮತ್ತು ಕ್ರೈಸ್ತ ಮಿಷನ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆ, ಮಡಿಕೇರಿ, ಸಿದ್ದಾಪುರ, ಸೋಮವಾರಪೇಟೆಯ ಕಡೆ ಮಿಷನ್ ಚರಿತ್ರೆಯ ಬಗ್ಗೆ ಮಾತನಾಡುವಾಗ ಎದುರಾಗುವ ಪ್ರಶ್ನೆಗಳನ್ನೂ ಪತ್ರಗಳಲ್ಲಿ ಬರುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟುಗೂಡಿಸಿದೆ. ಕೇಳಿದವರಲ್ಲಿ ಕ್ರೈಸ್ತರಿದ್ದಾರೆ, ಕ್ರೈಸ್ತರಲ್ಲದವರೂ ಇದ್ದಾರೆ. ಕೆಲವರು ಸಿಟ್ಟಿನಿಂದಲೇ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು.

ಮೊದಲ ಪ್ರಶ್ನೆಗಳು

ಮಿಷನ್ ಅಂದ್ರೆ ಮತಾಂತರ ಮಾಡಿಸೋದು ತಾನೆ? ಬೇರೆ ಏನಿದೆ ಅದರಲ್ಲಿ?

ಕ್ರಿಸ್ತನ ಸುವಾರ್ತೆಯನ್ನು ಹೇಳುವುದು ಮತ್ತು ಕೇಳಿ ನಂಬಿದವರನ್ನು ಸಭೆಯಾಗಿ, ಅಂದರೆ ಚರ್ಚಿನ ಸಮುದಾಯವಾಗಿ, ಕಟ್ಟುವುದು ಮಿಷನ್ ಕೆಲಸದ ತಿರುಳು. ಇದನ್ನು ಮರೆಮಾಚಿ, ‘ನಾವು ಸಮಾಜಸೇವೆ ಮಾತ್ರ ಮಾಡುತ್ತೇವೆ’ ಎನ್ನುವುದು ಪ್ರಾಮಾಣಿಕತೆಯಲ್ಲ. ಹಾಗೆಂದು ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಲೆಕ್ಕವೇ ಮಿಷನ್ ಕೆಲಸ ಎಂದರೆ ಅದೂ ತಪ್ಪು. ಭಾಷೆ ಕಲಿಯುವುದು, ಬೈಬಲ್ ಭಾಷಾಂತರ, ಶಾಲೆ, ರೋಗಿಗಳ ಆರೈಕೆ, ಅನ್ಯಾಯಕ್ಕೊಳಗಾದವರ ಪರ ನಿಲ್ಲುವುದು, ಇವೆಲ್ಲ ಮೊದಲಿನಿಂದಲೂ ಅದರೊಳಗೇ ಇದ್ದವು. ಬದಲಾಗುತ್ತ ಬಂದಿರುವುದು ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ, ಯಾರ ಕೈಯಲ್ಲಿ ಹಣ, ಯಾರ ಕೈಯಲ್ಲಿ ತೀರ್ಮಾನ ಎಂಬುದು. ಮಿಷನ್ ಚರಿತ್ರೆಯ ಚರ್ಚೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ನಡೆದಿವೆ.

ನಮ್ಮ ಕೊಡಗಿಗೆ ಕ್ರೈಸ್ತರು ಬಂದದ್ದು ಬ್ರಿಟಿಷರ ಬೆನ್ನಿಗೇ ಅಲ್ವಾ?

ಅಲ್ಲ. ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಅದಕ್ಕೂ ನಾಲ್ಕು ದಶಕ ಮೊದಲೇ ಇಲ್ಲಿ ಕ್ಯಾಥೊಲಿಕ್ ಕುಟುಂಬಗಳು ನೆಲೆಸಿದ್ದವು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ (ಇಂದಿನ ಕರಾವಳಿ ಕರ್ನಾಟಕದ ಕಡೆಯ) ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನು. ಆ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ದೊಡ್ಡವೀರರಾಜೇಂದ್ರನು ಆಶ್ರಯ ಕೊಟ್ಟನು. 1792ರಲ್ಲಿ ಅವನೇ ಕಟ್ಟಿಸಿದ ವಿರಾಜಪೇಟೆಯಲ್ಲಿ ಅವರಿಗೆ ನೆಲೆ ಸಿಕ್ಕಿತು. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಮೂಲ ಇದೇ.

ಕೊಡಗಿನ ಮೊದಲ ಕ್ರೈಸ್ತ ಸಮುದಾಯವನ್ನು ಯಾವ ಮಿಷನರಿಯೂ ಕಟ್ಟಲಿಲ್ಲ. ನಿರಾಶ್ರಿತರಾಗಿ ಬಂದವರು ಲಿಂಗಾಯತ ಅರಸನೊಬ್ಬನ ಔದಾರ್ಯದ ನೆರಳಿನಲ್ಲಿ ಬೇರುಬಿಟ್ಟರು. ಈ ಸಂಗತಿಯನ್ನು ನಮ್ಮ ಭಾನುವಾರದ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡಬೇಕು.

ಬಾಸೆಲ್ ಮಿಷನ್ ಬ್ರಿಟಿಷ್ ಸರ್ಕಾರದ್ದೇ ಒಂದು ಇಲಾಖೆ ಇದ್ದ ಹಾಗೆ ಅಂತಾರಲ್ಲ, ನಿಜವೇ?

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿತು. ಅದರ ಮಿಷನರಿಗಳಲ್ಲಿ ಬಹುಪಾಲು ದಕ್ಷಿಣ ಜರ್ಮನಿಯವರು. ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರದೇಶದಲ್ಲಿ ಮಿಷನರಿಗಳಿಗೆ ಬಹುಕಾಲ ಎಡೆ ಕೊಟ್ಟಿರಲಿಲ್ಲ. ಬ್ರಿಟಿಷ್ ಸಂಸತ್ತು ಕಂಪನಿಗೆ ಕೊಟ್ಟ 1813ರ ಸನದು ಬ್ರಿಟಿಷ್ ಮಿಷನರಿಗಳಿಗೂ 1833ರ ಸನದು ಇತರ ದೇಶದವರಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಕಲ್ಲಿಕೋಟೆಗೆ ಬಂದಿಳಿದು ಮಂಗಳೂರಿಗೆ ಬಂದರು.

ಅದು ಸರ್ಕಾರದ ಇಲಾಖೆಯಾಗಿರಲಿಲ್ಲ ಎಂಬುದಕ್ಕೆ ಒಂದನೆಯ ಮಹಾಯುದ್ಧದಲ್ಲಿ ನಡೆದದ್ದೇ ಸಾಕ್ಷಿ. ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ದೇಶದಿಂದ ಹೊರಗೆ ಕಳಿಸಿ, ಮಿಷನ್ನಿನ ಕಾರ್ಖಾನೆಗಳನ್ನು ಬೇರೆಯವರಿಗೆ ವಹಿಸಿದರು. ಹಾಗಿದ್ದರೂ ಅದು ಸರ್ಕಾರದಿಂದ ದೂರವಿತ್ತು ಎನ್ನಲಾಗದು. ಬಾಸೆಲ್ ಮಿಷನ್ನಿನಿಂದ ಬಂದ ಜಾರ್ಜ್ ರಿಕ್ಟರ್ ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿದ್ದರು. 1870ರಲ್ಲಿ ಪ್ರಕಟವಾದ ಕೊಡಗಿನ ಕೈಪಿಡಿಯನ್ನು ಬರೆದವರೂ ಅವರೇ. ಬೇರೆ ಸಂಸ್ಥೆ, ಬೇರೆ ಹಣ, ಬೇರೆ ಉದ್ದೇಶ ಎಂಬುದು ನಿಜವಾದರೂ, ಬಿಳಿಯ ಮಿಷನರಿಯನ್ನೂ ಬಿಳಿಯ ಅಧಿಕಾರಿಯನ್ನೂ ಒಟ್ಟಿಗೆ ಕಂಡ ಕೊಡಗಿನವನಿಗೆ ಆ ಅಂತರ ಕಾಣಿಸದೆ ಹೋದರೆ ಅದು ಅವನ ತಪ್ಪಲ್ಲ.

ಕ್ಯಾಥೊಲಿಕ್ಕರು, ಸಿ.ಎಸ್.ಐ., ಪೆಂತೆಕೊಸ್ತಿನವರು, ಇವರೆಲ್ಲರ ರೀತಿ ಒಂದೇನಾ?

ಒಂದೇ ಅಲ್ಲ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಕೆಲಸ ಧರ್ಮಪ್ರಾಂತ್ಯ ಮತ್ತು ಸನ್ಯಾಸ ಸಭೆಗಳ ಮೂಲಕ ನಡೆಯುತ್ತದೆ. ಶಾಲೆ, ಆಸ್ಪತ್ರೆಗಳಿಗೆ ಹೆಚ್ಚಿನ ಸ್ಥಾನವಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹಲವು ಮಿಷನ್‌ಗಳ ಫಲವನ್ನು ಒಟ್ಟುಗೂಡಿಸಿಕೊಂಡ ಸಭೆ. ಪೆಂತೆಕೊಸ್ತು ಮತ್ತು ಸ್ವತಂತ್ರ ಸಭೆಗಳಲ್ಲಿ ಪಾಸ್ಟರ್ ಒಬ್ಬರ ಮುಂದಾಳುತನ, ಮನೆಕೂಟ, ಗುಣಕ್ಕಾಗಿ ಪ್ರಾರ್ಥನೆ ಮುಖ್ಯ. ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರ ಸಭೆಗಳು ಬಹುಮಟ್ಟಿಗೆ ತಮ್ಮವರ ಪಾಲನೆಗಾಗಿ ಹುಟ್ಟಿದವು. ಒಬ್ಬರು ಮಾಡಿದ್ದಕ್ಕೆ ಮತ್ತೊಬ್ಬರನ್ನು ಹೊಣೆ ಮಾಡುವಾಗ ಈ ಭೇದಗಳು ನೆನಪಿರಲಿ.

ಕೊಡಗಿನ ಚರಿತ್ರೆ

ಮಂಗಳೂರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಮೊಗ್ಲಿಂಗ್ ಕೊಡಗಿಗೆ ಯಾಕೆ ಬಂದರು?

ಹರ್ಮನ್ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದವರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು. ಹದಿನಾರು ವರ್ಷ ದುಡಿದು ಆರೋಗ್ಯ ಕೆಟ್ಟು ಊರಿಗೆ ಮರಳುವ ಆಲೋಚನೆಯಲ್ಲಿದ್ದಾಗ, ಕೊಡಗಿನಿಂದ ಅಲ್ಮಂಡ ಸೋಮಯ್ಯ ಎಂಬ ಕೊಡವರೊಬ್ಬರು ತಾವಾಗಿಯೇ ಮಂಗಳೂರಿಗೆ ಹೋಗಿ ಕ್ರೈಸ್ತರಾಗಬೇಕೆಂದು ಕೇಳಿಕೊಂಡರು. ಮೊಗ್ಲಿಂಗ್ ಪಯಣವನ್ನು ಕೈಬಿಟ್ಟು ಅವರೊಂದಿಗೆ ಘಟ್ಟ ಹತ್ತಿದರು. 1853ರಲ್ಲಿ ಸೋಮಯ್ಯನವರಿಗೆ ದೀಕ್ಷಾಸ್ನಾನವಾಗಿ ಸ್ಟೀಫನಸ್ ಎಂಬ ಹೆಸರು ಬಂದಿತು.

ಇದರಲ್ಲಿ ಗಮನಿಸಬೇಕಾದದ್ದು ಕ್ರಮ. ಮಿಷನ್ ಮೊದಲು ಕೊಡಗನ್ನು ಆರಿಸಿ, ಯೋಜನೆ ಹಾಕಿ, ಮಿಷನರಿಯನ್ನು ಕಳುಹಿಸಲಿಲ್ಲ. ಕೊಡಗಿನ ಮನುಷ್ಯನೇ ಮೊದಲ ಹೆಜ್ಜೆ ಇಟ್ಟನು. ಮಿಷನರಿ ಅವನ ಹಿಂದೆ ಬಂದನು, ಅವನ ಮನೆಯ ಬಳಿಯೇ ತಂಗಿದನು. ಪಾಶ್ಚಾತ್ಯರು ಬರೆದ ಮಿಷನ್ ಚರಿತ್ರೆಯಲ್ಲಿ ಮಿಷನರಿ ಕಥಾನಾಯಕ, ಸ್ಥಳೀಯನು ಅವನು ಗೆದ್ದ ಫಲ. ಸೋಮಯ್ಯನವರ ಸಂಗತಿಯನ್ನು ಓದುವಾಗ ಆ ಸ್ಥಾನಗಳು ಅದಲುಬದಲಾಗುತ್ತವೆ, ಹಾಗಾಗಿಯೇ ನನಗೆ ಅದರ ಮೇಲೆ ಇಷ್ಟು ಅಕ್ಕರೆ. ಅವರು ತೆತ್ತ ಬೆಲೆಯೂ ದೊಡ್ಡದು: ಒಕ್ಕದವರು (ಕುಲದವರು), ನೆಂಟರಿಷ್ಟರು ಅವರನ್ನು ದೂರವಿಟ್ಟರು. ಒಕ್ಕದ ಮೂಲಮನೆಯಾದ ಐನ್‌ಮನೆಯ ದೀಪದ ಮುಂದೆ ನಿಲ್ಲುವ ಹಕ್ಕು ಕಳೆದುಕೊಳ್ಳುವುದು ಕೊಡವನಿಗೆ ಎಷ್ಟು ದೊಡ್ಡ ನಷ್ಟ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟೆಲ್ಲ ಆದರೂ ಕೊಡವರು ಯಾಕೆ ಕ್ರೈಸ್ತರಾಗಲಿಲ್ಲ?

ಮಿಷನರಿಗಳು ಇದಕ್ಕೆ ವಿರುದ್ಧವಾದದ್ದನ್ನೇ ನಿರೀಕ್ಷಿಸಿದ್ದರು. ಬ್ರಾಹ್ಮಣ ಪುರೋಹಿತರನ್ನು ನೆಚ್ಚದೆ ಹಿರಿಯರೇ ಮದುವೆ ನಡೆಸುವ, ಮಾಂಸ ಮದ್ಯಗಳ ಸಂಕೋಚವಿಲ್ಲದ, ಸ್ವಾಭಿಮಾನಿಗಳಾದ ಬೆಟ್ಟದ ಜನ. ಅವರಲ್ಲಿ ಒಬ್ಬ ಒಪ್ಪಿದರೆ ಊರಿಗೆ ಊರೇ ಒಪ್ಪೀತು ಎಂಬ ಲೆಕ್ಕಾಚಾರವಿತ್ತು. ಆ ಲೆಕ್ಕ ತಪ್ಪಿತು.

ಕಾರಣ, ಕೊಡವರ ಧರ್ಮ ಇರುವುದು ಪುರೋಹಿತನಲ್ಲಿ ಅಲ್ಲ, ಗ್ರಂಥದಲ್ಲೂ ಅಲ್ಲ, ಅದು ಒಕ್ಕದಲ್ಲಿದೆ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿ ಹಚ್ಚುವ ತೂಗುದೀಪ ತೂಕ್ ಬೊಳ್ಚ, ಹಿರಿಯರ ಗುಡಿಯಾದ ಕೈಮಡದಲ್ಲಿ ಒಕ್ಕದ ಮೂಲಪುರುಷ ಗುರುಕಾರಣನಿಗೆ ಸಲ್ಲುವ ಎಡೆ, ಸುಗ್ಗಿಯ ಹಬ್ಬವಾದ ಪುತ್ತರಿಯ ಕದಿರು, ಆಯುಧಗಳ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಗೆ ಇಡುವ ಹೂವು, ಒಕ್ಕದವರೆಲ್ಲ ತಲೆಮಾರುಗಳಿಂದ ಒಟ್ಟಿಗೆ ಅನುಭವಿಸುವ ಜಮ್ಮಾ ಭೂಮಿ, ಇವುಗಳಲ್ಲಿ ಒಂದನ್ನು ಎಳೆದರೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಪುರೋಹಿತನ ಹಿಡಿತವಿರುವ ಕಡೆ ಮಿಷನರಿಯ ವಾದಕ್ಕೆ ಎದುರಾಳಿಯೊಬ್ಬನಿರುತ್ತಾನೆ. ಇಲ್ಲಿ ವಾದಕ್ಕೆ ನಿಲ್ಲುವವರೇ ಇರಲಿಲ್ಲ; ಇದ್ದವರು ಅಜ್ಜ, ತಾಯಿ, ಅಣ್ಣತಮ್ಮಂದಿರು. ‘ನೀನು ನಂಬು’ ಎಂದು ಮಿಷನರಿ ಒಬ್ಬೊಬ್ಬ ವ್ಯಕ್ತಿಗೆ ಹೇಳಿದನು. ಆ ವ್ಯಕ್ತಿ ತೀರ್ಮಾನಗಳನ್ನು ಒಬ್ಬನೇ ತೆಗೆದುಕೊಳ್ಳುವವನಾಗಿರಲಿಲ್ಲ.

ಇನ್ನೊಂದು ಕಾರಣವನ್ನೂ ಹೇಳಬೇಕು. ಮಿಷನ್ ಕೊಡಗಿನಲ್ಲಿ ಮಾತಾಡಿದ್ದು ಕನ್ನಡದಲ್ಲಿ. ಆಡಳಿತಕ್ಕೂ ಶಾಲೆಗೂ ಅದು ಸರಿಹೊಂದಿತು. ಆದರೆ ಒಲೆಯ ಮುಂದೆ, ತೊಟ್ಟಿಲ ಬಳಿ, ಸಾವಿನ ಮನೆಯಲ್ಲಿ ನಡೆಯುವ ಮಾತು ಕೊಡವ ತಕ್ಕ್. ಆ ಭಾಷೆಗೆ 1867ರಲ್ಲಿ ವ್ಯಾಕರಣ ಬರೆದವರು ಕೋಲ್ ಎಂಬ ಬ್ರಿಟಿಷ್ ಅಧಿಕಾರಿ, ಮಿಷನರಿಯಲ್ಲ.

ಆನಂದಪುರ ಮಾಡಿದ್ದು ಸರಿನಾ? ಜನರನ್ನು ಬೇರೆ ಮಾಡಿ ಕೂರಿಸಿದ ಹಾಗಾಗಲಿಲ್ವಾ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಮೊದಲು ಸಂದರ್ಭ ನೋಡಿ. ಕೊಡಗಿನ ಹೊಲೆಯ ಸಮುದಾಯದವರು ಅರಸರ ಕಾಲದಿಂದ ಜೀತದಾಳುಗಳು. ಅವರಲ್ಲಿ ಭೂಮಿಗೆ ಅಂಟಿಕೊಂಡು, ಭೂಮಿ ಕೈಬದಲಾದಾಗ ಅದರೊಂದಿಗೆ ಹೋಗುವವರು ಭೂಮಿ ಜಮ್ಮದವರು. ಮನೆತನಕ್ಕೆ ಸೇರಿದವರು ಒಕ್ಕಲು ಜಮ್ಮದವರು. 1843ರ ಕಾನೂನು ಗುಲಾಮಗಿರಿಗಿದ್ದ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತ್ತಾದರೂ ಗದ್ದೆಯ ಬದುವಿನ ಮೇಲೆ ಏನೂ ಬದಲಾಗಿರಲಿಲ್ಲ. ಮೊಗ್ಲಿಂಗ್ ಕಾದದ್ದು ಕೊಡವರಿಗಾಗಿ. ಅವರ ಬಳಿಗೆ ಕುಟುಂಬಸಮೇತ ಬಂದವರು ಈ ಹೊಲೆಯರು. ಸಿದ್ದಾಪುರದ ಬಳಿ ಅವರಿಗಾಗಿ ನೆಲೆಯೊಂದನ್ನು ಮಾಡಿ ಆನಂದಪುರ ಎಂದು ಹೆಸರಿಟ್ಟರು.

ಒಡೆಯನ ಕೊಟ್ಟಿಗೆಯ ಪಕ್ಕದ ಗುಡಿಸಲಿನಲ್ಲೇ ಇದ್ದುಕೊಂಡು ಕ್ರೈಸ್ತನಾಗಿ ಬಾಳು ಎಂದು ಅಂಥವರಿಗೆ ಹೇಳುವುದು ಸುಲಭವಲ್ಲ, ಕರುಣೆಯೂ ಅಲ್ಲ. ಭೂಮಿ, ಮನೆ, ಮಕ್ಕಳಿಗೆ ಅಕ್ಷರ ಕೊಡದೆ ಸುವಾರ್ತೆ ಮಾತ್ರ ಕೊಟ್ಟಿದ್ದರೆ ಅದು ಅರ್ಧ ಸುವಾರ್ತೆಯಾಗುತ್ತಿತ್ತು. ಈ ದೃಷ್ಟಿಯಿಂದ ಆನಂದಪುರ ಸರಿಯಾದ ಕೆಲಸವೇ ಎಂದು ನನ್ನ ಅಭಿಪ್ರಾಯ.

ಆದರೆ ಇದೇ ಪದ್ಧತಿಗೆ ಇನ್ನೊಂದು ಮುಖವಿದೆ. ಮಿಷನ್ ಜಮೀನಿನಲ್ಲಿ, ಮಿಷನ್ ಮನೆಯಲ್ಲಿ, ಮಿಷನ್ ಕೊಟ್ಟ ಕೆಲಸದಲ್ಲಿ ಬೆಳೆದ ಸಭೆ, ಹಳೆಯ ಒಡೆಯನ ಜಾಗದಲ್ಲಿ ಹೊಸ ಒಡೆಯನನ್ನು ಕಾಣತೊಡಗುತ್ತದೆ. ಜಗಳವಾದರೂ ರೋಗ ಬಂದರೂ ದೊರೆಯ ಬಾಗಿಲು ತಟ್ಟುವುದು ರೂಢಿಯಾಗುತ್ತದೆ. ಹೊರಗೆ ಉಳಿದ ಬಂಧುಗಳಿಗೂ ಒಳಗೆ ಬಂದವರಿಗೂ ನಡುವೆ ಬೇಲಿ ಏಳುತ್ತದೆ. ಸುವಾರ್ತೆ ನೆಂಟಸ್ತಿಕೆಯ ದಾರಿಯಲ್ಲಿ ಮುಂದೆ ಹರಿಯುವುದು ನಿಲ್ಲುತ್ತದೆ. ಮಧ್ಯಪ್ರದೇಶದ ದಮೋಹದಲ್ಲಿ ಹುಟ್ಟಿದ ಮಿಷನರಿ ಡೊನಾಲ್ಡ್ ಮೆಕ್‌ಗ್ಯಾವ್ರನ್ 1955ರಲ್ಲಿ ಮಿಷನ್ ಕಾಂಪೌಂಡ್ ಪದ್ಧತಿಯ ಮೇಲೆ ಮಾಡಿದ ಟೀಕೆಯ ಸಾರ ಇದೇ. ಆನಂದಪುರಕ್ಕೆ ಅದು ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಆ ಊರಿನ ಹಿರಿಯರ ಮನೆಗಳಲ್ಲಿ ಕೂತು ಕೇಳಿಯೇ ತಿಳಿಯಬೇಕು. ಪುಸ್ತಕ ಓದಿ ತೀರ್ಪು ಕೊಡುವ ಹಕ್ಕು ಹೊರಗಿನವರಿಗಿಲ್ಲ.

ಕೊಡಗಿನ ರಾಜಕುಮಾರಿ ಗೌರಮ್ಮ ಕ್ರೈಸ್ತಳಾದದ್ದು ಮಿಷನರಿಗಳ ಕೆಲಸವಾ?

ಅಲ್ಲ. ಪದಚ್ಯುತನಾದ ಚಿಕ್ಕವೀರರಾಜೇಂದ್ರ ಕಾಶಿಯಿಂದ ಮಗಳೊಂದಿಗೆ ಲಂಡನ್ನಿಗೆ ಹೋಗಿ, ಅವಳನ್ನು ಕ್ರೈಸ್ತಳಾಗಿ ಬೆಳೆಸಬೇಕೆಂದು ತಾನೇ ಕೋರಿಕೊಂಡನು. 1852ರ ಜೂನ್ 30ರಂದು ಸುಮಾರು ಹನ್ನೊಂದು ವರ್ಷದ ಆ ಹುಡುಗಿಗೆ ದೀಕ್ಷಾಸ್ನಾನವಾಯಿತು; ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ಗೌರಮ್ಮ 1864ರಲ್ಲಿ ತೀರಿಕೊಂಡಳು. ಅರಮನೆಯ ಮೇಲ್ತುದಿಯಿಂದ ಧರ್ಮ ಜನರತ್ತ ಇಳಿಯುತ್ತದೆ ಎಂದು ನಂಬಿದವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಗೌರಮ್ಮನ ದೀಕ್ಷಾಸ್ನಾನದ ಮರುವರ್ಷವೇ ಕೊಡಗಿನಲ್ಲಿ ಸೋಮಯ್ಯನವರ ದೀಕ್ಷಾಸ್ನಾನವಾಯಿತು, ಆದರೆ ಎರಡಕ್ಕೂ ಸಂಬಂಧ ಕಲ್ಪಿಸಬಾರದು. ತಂದೆಯ ರಾಜಕೀಯಕ್ಕೂ ರಾಣಿಯ ಹಂಬಲಕ್ಕೂ ನಡುವೆ ಸಿಕ್ಕ ಮಗುವೊಂದರ ಬದುಕನ್ನು ಮಿಷನ್ ಕೆಲಸದ ಸಾಧನೆಯಾಗಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

ಮಿಷನರಿಗಳು ಕನ್ನಡಕ್ಕೆ ದುಡಿದದ್ದು ಧರ್ಮಪ್ರಚಾರಕ್ಕಾಗಿ ಮಾತ್ರ ಅಲ್ವಾ?

ಆರಂಭದ ಉದ್ದೇಶ ಅದೇ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ದುಡಿದದ್ದು ಬೈಬಲಿನ ಕನ್ನಡ ಭಾಷಾಂತರಕ್ಕಾಗಿ. ಆದರೆ ಭಾಷೆಯನ್ನು ನಿಜವಾಗಿ ಪ್ರೀತಿಸತೊಡಗಿದವನನ್ನು ಅದು ಬೇರೆ ಕಡೆಗೂ ಕರೆದೊಯ್ಯುತ್ತದೆ. ಮೊಗ್ಲಿಂಗ್ 1848ರಿಂದ 1853ರ ನಡುವೆ ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಅದಕ್ಕೆ ಹಣ ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕ್ಯಾಸಮೇಜರ್. ಮಿಷನ್ನಿನ ಬೊಕ್ಕಸ ಅಲ್ಲ. ದಾಸರ ಪದಗಳನ್ನು ಅಚ್ಚುಮಾಡಿದರೆ ಯಾರೂ ಕ್ರೈಸ್ತರಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿದ್ದ ಫರ್ಡಿನಂಡ್ ಕಿಟೆಲ್ 1894ರಲ್ಲಿ ಹೊರತಂದ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದನ್ನು ಇಂದು ಬಿಚ್ಚುವವರಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು.

ಕೆಲಸದ ಕ್ರಮಗಳು

‘ಮೂರು ಸ್ವ’ ಅಂತ ನಮ್ಮ ಸಭಾಪಾಲಕರು ಆಗಾಗ ಹೇಳ್ತಾರೆ. ಏನದು?

ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು, ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು, ಸುವಾರ್ತೆಯನ್ನು ತಾನೇ ಹರಡಬೇಕು. ಹತ್ತೊಂಬತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆ್ಯಂಡರ್ಸನ್ ಬೇರೆಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದರು. ಮಿಷನ್ ಎಂಬುದು ಮನೆ ಕಟ್ಟುವಾಗ ಹಾಕುವ ಸಾರುವೆಯಂತೆ, ಗೋಡೆ ನಿಂತ ಮೇಲೆ ಅದನ್ನು ಕಳಚಲೇಬೇಕು ಎಂಬುದು ಆ ವಿಚಾರದ ಸಾರ. ಕಾಗದದ ಮೇಲೆ ಎಲ್ಲರೂ ಒಪ್ಪಿದರು; ಕಳಚುವ ದಿನ ಮಾತ್ರ ಮುಂದೆ ಮುಂದೆ ಹೋಯಿತು.

ನಮ್ಮವರು ಕಾಯಲಿಲ್ಲ. 1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ಭಾರತೀಯರ ಹಣ, ಭಾರತೀಯರ ಆಡಳಿತದ ಮಿಷನರಿ ಸಂಘ ಕಟ್ಟಿದರು; 1905ರಲ್ಲಿ ರಾಷ್ಟ್ರೀಯ ಮಿಷನರಿ ಸಂಘ ಹುಟ್ಟಿತು. ಎರಡರಲ್ಲೂ ಮುಂದೆ ನಿಂತವರು ವಿ.ಎಸ್. ಅಜರಯ್ಯ. 1910ರ ಎಡಿನ್‌ಬರೋ ಮಹಾಸಮ್ಮೇಳನದಲ್ಲಿ, ಪಾಶ್ಚಾತ್ಯ ಮಿಷನರಿಗಳೇ ತುಂಬಿದ್ದ ಸಭೆಯ ಎದುರು, ನೀವು ತ್ಯಾಗ ಮಾಡಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂದು ಅವರು ಕೇಳಿದ್ದು ಇಂದಿಗೂ ಮೈನವಿರೇಳಿಸುತ್ತದೆ. ಎರಡು ವರ್ಷಗಳ ನಂತರ ಅವರೇ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆಗಿ ದೋರ್ನಕಲ್ಲಿಗೆ ನೇಮಕವಾದರು.

ಶಾಲೆ, ಆಸ್ಪತ್ರೆ, ಕೆಲಸ ಕೊಡೋದು ಆಮಿಷ ಅಲ್ವಾ? ನೇರವಾಗಿ ಹೇಳಿ.

ನೇರವಾಗಿಯೇ ಹೇಳುತ್ತೇನೆ: ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಲಾಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ರೋಗಿಯ ಧರ್ಮ ಕೇಳದೆ, ಗುಣವಾದ ಮೇಲೆ ಏನನ್ನೂ ಬೇಡದೆ ನೀಡುವ ಔಷಧ ಆಮಿಷವಲ್ಲ. ‘ದೀಕ್ಷಾಸ್ನಾನ ಮಾಡಿಸಿಕೊಂಡರೆ ಮಗನಿಗೆ ಹಾಸ್ಟೆಲ್ ಸೀಟು’ ಎಂದರೆ ಅದು ಆಮಿಷವೇ. ಅದನ್ನು ಕ್ರೈಸ್ತರೇ ಮೊದಲು ಖಂಡಿಸಬೇಕು.

ಇವೆರಡರ ನಡುವಿನ ನಿಜವಾದ ಕಷ್ಟವನ್ನು ಬಾಸೆಲ್ ಮಿಷನ್ ಅನುಭವಿಸಿತು. ಕ್ರೈಸ್ತನಾದವನನ್ನು ಜಾತಿಯವರು ಹೊರಹಾಕಿ, ಧಣಿ ಗೇಣಿಯ ಭೂಮಿ ಬಿಡಿಸಿದಾಗ ಅವನು ಬದುಕುವುದು ಹೇಗೆ? ಅದಕ್ಕಾಗಿ ನೇಯ್ಗೆ, ಮುದ್ರಣಾಲಯ, 1865ರಲ್ಲಿ ಮಂಗಳೂರಿನಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ ಬಂದವು. ಕೊಡಗಿನ ಮಳೆಗೆ ಎದೆಯೊಡ್ಡಿ ನಿಂತ ಎಷ್ಟೋ ಹಳೆಯ ಮನೆಗಳ ಮೇಲೆ ಮಂಗಳೂರು ಹೆಂಚು ಇದೆ. ಕಾರ್ಖಾನೆ ಅನ್ನ ಕೊಟ್ಟಿತು, ಶಿಸ್ತು ಕಲಿಸಿತು, ಜೊತೆಗೆ ಧರ್ಮಗುರುವೂ ಧಣಿಯೂ ಒಂದೇ ಸಂಸ್ಥೆಯಾದಾಗ ಆಗುವ ಇಕ್ಕಟ್ಟನ್ನೂ ತಂದಿತು. ಕೂಲಿ ಕಡಿಮೆ ಎಂದು ದೂರುವವನು ಪಾಪ ಮಾಡಿದಂತಾಗುತ್ತದೋ ಎಂಬ ಅಳುಕು ಯಾವ ಸಭೆಗೂ ಒಳ್ಳೆಯದಲ್ಲ. ಈಗಿನ ಕಾಲಕ್ಕೆ ನನ್ನ ಸಲಹೆ: ಸೇವಾ ಸಂಸ್ಥೆಯ ಲೆಕ್ಕ, ಸಿಬ್ಬಂದಿ, ಆಡಳಿತ ಮಂಡಳಿಯನ್ನು ಸಭೆಯ ಆಡಳಿತದಿಂದ ಬೇರೆ ಇಡಿ.

ಗುಂಪುಗುಂಪಾಗಿ ಕ್ರೈಸ್ತರಾದವರ ನಂಬಿಕೆ ನಿಜವಾದದ್ದೇ?

ಭಾರತದ ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಶೇಕಡಾ 80ರಷ್ಟು ಮಂದಿ ಸಾಮೂಹಿಕ ಚಳವಳಿಗಳಿಂದಲೇ ಬಂದವರು ಎಂದು ಅಮೆರಿಕದ ಮಿಷನರಿ ವಾಸ್ಕಮ್ ಪಿಕೆಟ್ 1933ರ ಅಧ್ಯಯನದಲ್ಲಿ ಅಂದಾಜು ಮಾಡಿದರು. ಮನೆಮಂದಿಯೆಲ್ಲ ಕೂಡಿ ಯೋಚಿಸಿ ತೀರ್ಮಾನಿಸಿದ್ದು ಒಬ್ಬನೇ ತೀರ್ಮಾನಿಸಿದ್ದಕ್ಕಿಂತ ಕಡಿಮೆ ಎನ್ನುವುದು ಯೂರೋಪಿನ ಅಳತೆಗೋಲು. ಒಗ್ಗಟ್ಟಾಗಿ ಬಂದವರು ನೆಂಟರನ್ನೂ ಊರನ್ನೂ ಕಳೆದುಕೊಳ್ಳಲಿಲ್ಲ.

ಅಪಾಯ ಬೇರೆ ಕಡೆ ಇದೆ. ಜಾತಿಯಾಗಿಯೇ ಒಳಗೆ ಬಂದವರು ಜಾತಿಯಾಗಿಯೇ ಉಳಿದುಬಿಡಬಹುದು. ಒಂದೊಂದು ಸಮುದಾಯವನ್ನೂ ಅದರೊಳಗಿಂದಲೇ ತಲುಪಬೇಕೆಂಬ ಮೆಕ್‌ಗ್ಯಾವ್ರನ್ ಸೂತ್ರವನ್ನು ಕುರುಡಾಗಿ ಅನುಸರಿಸಿದರೆ, ಬೇರೆ ಬೇರೆ ಕೇರಿಗೆ ಬೇರೆ ಬೇರೆ ಸಭೆ ಏಳುತ್ತದೆ. ಒಂದೇ ಪಾತ್ರೆಯಿಂದ ಪ್ರಭುಭೋಜನ ತೆಗೆದುಕೊಳ್ಳಲು ಹಿಂಜರಿಯುವ ಸಭೆ ಎಷ್ಟು ಬೆಳೆದರೂ ಅದು ಬೆಳವಣಿಗೆಯಲ್ಲ.

ಈಗಿನ ಕಾಲ

ಕಾನೂನು ಏನು ಹೇಳುತ್ತೆ? ಮನೆಗೆ ಹೋಗಿ ಪ್ರಾರ್ಥನೆ ಮಾಡೋದೂ ಅಪರಾಧನಾ?

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಕ್ಕೆ ಅದು ಒಳಪಟ್ಟಿದೆ. 1977ರ ಸ್ಟನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಸುವ ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಹೇಳಿತು. ಕರ್ನಾಟಕದಲ್ಲಿ 2022ರ ಕಾಯ್ದೆ ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆಯಿಂದ ಮಾಡುವ ಮತಾಂತರವನ್ನು ಅಪರಾಧವೆಂದು ಸಾರಿ, ಜಿಲ್ಲಾಧಿಕಾರಿಗೆ 30 ದಿನ ಮೊದಲೇ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಸಚಿವ ಸಂಪುಟದ ತೀರ್ಮಾನ ಮಾತ್ರದಿಂದ ಕಾಯ್ದೆ ಇಲ್ಲವಾಗುವುದಿಲ್ಲ. ಆದ್ದರಿಂದ ದೀಕ್ಷಾಸ್ನಾನದ ವಿಷಯ ಬಂದಾಗ ಅಂದಿನ ಸ್ಥಿತಿಯನ್ನು ವಕೀಲರಿಂದ ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಕರೆದವರ ಮನೆಗೆ ಹೋಗಿ ಪ್ರಾರ್ಥಿಸುವುದು ಅಪರಾಧವಲ್ಲ. ಮನೆಯ ಯಜಮಾನನಿಗೆ ಗೊತ್ತಿಲ್ಲದಂತೆ ಮಧ್ಯಾಹ್ನದ ಹೊತ್ತು ಹೋಗುವುದು ಅಪರಾಧವಲ್ಲದಿದ್ದರೂ ಮರ್ಯಾದೆಯಲ್ಲ.

ದೀಕ್ಷಾಸ್ನಾನ ಆದ್ರೆ ಮೀಸಲಾತಿ ಹೋಗುತ್ತಾ?

ಪರಿಶಿಷ್ಟ ಜಾತಿಯವರಿಗೆ ಹೋಗುತ್ತದೆ. 1950ರ ರಾಷ್ಟ್ರಪತಿ ಆದೇಶದಂತೆ ಆ ಸ್ಥಾನ ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತಿಲ್ಲ. ಯರವ, ಜೇನುಕುರುಬ, ಬೆಟ್ಟಕುರುಬ ಸಮುದಾಯದವರು ಕ್ರೈಸ್ತರಾದರೆ ಧರ್ಮದ ಕಾರಣಕ್ಕೆ ಆ ಸ್ಥಾನ ಹೋಗುವುದಿಲ್ಲ. ಇದನ್ನು ದೀಕ್ಷಾಸ್ನಾನಕ್ಕೆ ಮೊದಲೇ ತಿಳಿಸದ ಪಾಲಕರು ತಮ್ಮ ಕರ್ತವ್ಯದಲ್ಲಿ ತಪ್ಪುತ್ತಿದ್ದಾರೆ. ಹೊರಗೊಂದು ಒಳಗೊಂದು ಹೆಸರಿಟ್ಟುಕೊಂಡು ಬಾಳುವ ಮನೆಗಳ ಸಂಕಟಕ್ಕೆ ಸರ್ಕಾರದಷ್ಟೇ ಅಂಥ ಮೌನವೂ ಕಾರಣ.

ನಮ್ಮ ತೋಟದ ಲೈನ್‌ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯವರೇ ಇದ್ದಾರೆ. ಅವರ ನಡುವೆ ಕೆಲಸ ಹೇಗೆ ಮಾಡೋದು?

ಮೊದಲು ಅವರಲ್ಲಿ ಕ್ರೈಸ್ತರು ಯಾರೆಂದು ಕೇಳಿ. ಛೋಟಾ ನಾಗಪುರದಲ್ಲಿ ಗಾಸ್ನರ್ ಮಿಷನ್ನಿನ ಲುಥೆರನ್ನರು 1845ರಿಂದ ದುಡಿದಿದ್ದಾರೆ, ಕ್ಯಾಥೊಲಿಕ್ಕರ ಕೆಲಸವೂ ಅಲ್ಲಿ ದೊಡ್ಡದು. ಅಲ್ಲಿಂದ ಅಸ್ಸಾಮಿನ ಚಹಾ ತೋಟಗಳಿಗೆ ಹೋದ ಆದಿವಾಸಿಗಳಲ್ಲಿ ಮೂರು ನಾಲ್ಕು ತಲೆಮಾರಿನ ಕ್ರೈಸ್ತರಿದ್ದಾರೆ. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ಲೈನ್‌ಮನೆಯ ಕಡೆ ಹೋಗಿ ನೋಡಿ: ಚೀಲ ತೂಗಿಸಿ ಬಂದ ಹೆಂಗಸರು ಕೈಗೆ ಅಂಟಿದ ಹಣ್ಣಿನ ಸಿಪ್ಪೆಯ ಅಂಟನ್ನು ನಲ್ಲಿಯಲ್ಲಿ ಉಜ್ಜಿ ತೊಳೆಯುತ್ತಿರುತ್ತಾರೆ; ಒಳಗೆ ಯಾರದೋ ಮೊಬೈಲಿನಿಂದ ಸಾದ್ರಿ ಭಾಷೆಯ ಕ್ರೈಸ್ತ ಗೀತೆ ಕೇಳಿಸುತ್ತದೆ. ಗೋಡೆಯ ಮೇಲೆ ಶಿಲುಬೆಯ ಕ್ಯಾಲೆಂಡರ್ ಇರಬಹುದು. ಇವರು ನೀವು ತಲುಪಬೇಕಾದ ‘ಕ್ಷೇತ್ರ’ ಅಲ್ಲ, ನಿಮ್ಮ ಸಭೆಯ ಬೆಂಚಿನ ಮೇಲೆ ಜಾಗವಿಲ್ಲದೆ ಹೊರಗುಳಿದ ಸಹೋದರರು.

ಸಂತೆಗೂ ಮನೆಗೆ ಫೋನ್ ಮಾಡುವುದಕ್ಕೂ ಅವರಿಗೆ ಸಿಗುವುದು ಭಾನುವಾರ ಒಂದೇ. ಬೆಳಗಿನ ಕನ್ನಡ ಆರಾಧನೆಗೆ ಬನ್ನಿ ಎಂದರೆ ಬರಲಾರರು. ಸಂಜೆ ಒಂದು ಗಂಟೆ ದೇವಾಲಯ ತೆರೆದಿಟ್ಟು, ಅವರಲ್ಲೇ ಒಬ್ಬರು ಅವರ ಭಾಷೆಯಲ್ಲಿ ನಡೆಸಲಿ. ಕೂಲಿ ಬಾಕಿ, ಆಧಾರ್, ಮಗುವಿನ ಶಾಲೆ, ಗಾಯವಾದಾಗ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತಾಡಲು ಒಬ್ಬ ಜೊತೆಗಾರ, ಇವು ಅವರು ಕೇಳುವ ಸಹಾಯ. ತೋಟದ ಮಾಲೀಕರಿಗೂ ರೈಟರಿಗೂ (ತೋಟದ ಮೇಲ್ವಿಚಾರಕ) ಮೊದಲೇ ತಿಳಿಸಿ ಹೋಗಿ. ಗೇಟಿನಲ್ಲಿ ಜಗಳವಾದರೆ ಕೆಲಸ ಕಳೆದುಕೊಳ್ಳುವವರು ನೀವಲ್ಲ.

ಇನ್ನೂ ಆಳದ ಪ್ರಶ್ನೆಗಳು

ಕ್ರೈಸ್ತನಾದ ಕೊಡವ ಪುತ್ತರಿಗೆ, ಕೈಲ್ ಪೊಳ್ದಿಗೆ, ಕಾರಣಂಗ್ ಕೊಡ್‌ಪದಕ್ಕೆ ಐನ್‌ಮನೆಗೆ ಹೋಗಬಹುದಾ?

ಕಾರಣಂಗ್ ಕೊಡ್‌ಪದು ಎಂದರೆ ಒಕ್ಕದ ಹಿರಿಯರಿಗೆ ಎಡೆ ಕೊಡುವುದು. ಈ ಪ್ರಶ್ನೆ ಹೊಸದಲ್ಲ. 1606ರಲ್ಲಿ ಮಧುರೈಗೆ ಬಂದ ಜೆಸ್ವಿಟ್ ಪಾದ್ರಿ ರಾಬರ್ಟೊ ದೆ ನೋಬಿಲಿ ಕಾವಿಯುಟ್ಟು, ಸಸ್ಯಾಹಾರಿಯಾಗಿ, ಜುಟ್ಟು ಮತ್ತು ಜನಿವಾರಗಳು ಕುಲದ ಗುರುತು, ಆರಾಧನೆಯಲ್ಲ ಎಂದು ವಾದಿಸಿದರು. 1623ರಲ್ಲಿ ಪೋಪ್ ಅವರ ಪರ ತೀರ್ಪು ಕೊಟ್ಟರು. ಚೀನಾದಲ್ಲಿ ಪೂರ್ವಜರಿಗೆ ಸಲ್ಲಿಸುವ ಗೌರವವನ್ನು ರೋಮ್ 1715ರಲ್ಲಿ ನಿಷೇಧಿಸಿ, 1742ರಲ್ಲಿ ನಿಷೇಧವನ್ನು ಬಿಗಿಗೊಳಿಸಿ, 1939ರಲ್ಲಿ ಸಡಿಲಿಸಿತು. ಎರಡು ಶತಮಾನಗಳ ಕಾಲ ಎಷ್ಟೋ ಮನೆಗಳು ಆ ನಿಷೇಧದ ಕೆಳಗೆ ಒಡೆದವು.

ನನ್ನ ನಿಲುವು ಇದು. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದು, ಗದ್ದೆಗೆ ಹೋಗಿ ಕದಿರು ಕೊಯ್ಯುವಾಗ ಜೊತೆ ನಿಲ್ಲುವುದು, ತಂಬಿಟ್ಟು ತಿನ್ನುವುದು, ಕೋಲಾಟ, ಕುಪ್ಪಸ ಚೇಲೆ, ಪೀಚೆಕತ್ತಿ, ಇವು ಒಕ್ಕದ ಬಾಳು. ಇವನ್ನು ಬಿಡಿಸುವ ಅಧಿಕಾರ ಯಾವ ಪಾಲಕನಿಗೂ ಇಲ್ಲ. ಹೊಸ ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳುವುದು ನಮ್ಮ ಸಭೆಗಳ ಸುಗ್ಗಿ ಹಬ್ಬದಲ್ಲೂ ಇದೆ. ಆದರೆ ಕೈಮಡದ ಎಡೆಯಲ್ಲಿ ಕಾರಣನನ್ನು ಕರೆದು ಅವನ ಕಾವಲನ್ನು ಬೇಡಿಕೊಳ್ಳುವಾಗ, ಕ್ರಿಸ್ತನನ್ನು ಒಪ್ಪಿದವನು ಗೌರವದಿಂದ ಹಿಂದೆ ನಿಲ್ಲಬೇಕಾಗುತ್ತದೆ. ಎಲ್ಲಿ ಹಿಂದೆ ನಿಲ್ಲಬೇಕೆಂಬ ಗೆರೆಯನ್ನು ಬೆಂಗಳೂರಿನಲ್ಲೋ ಕೇರಳದಲ್ಲೋ ಕಲಿತು ಬಂದವರು ಎಳೆಯಬಾರದು. ಆ ಮನೆಯಲ್ಲಿ ಹುಟ್ಟಿದ ಕ್ರೈಸ್ತರೇ ಬೈಬಲ್ ಓದಿ, ಪ್ರಾರ್ಥಿಸಿ, ಒಕ್ಕದ ಯಜಮಾನರಾದ ಪಟ್ಟೆದಾರರ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಿ ಎಳೆಯಲಿ.

ಮಿಷನ್ ದೇವರದ್ದು, ಸಭೆಯದ್ದಲ್ಲ ಅಂತ ದೇವಶಾಸ್ತ್ರದವರು ಹೇಳ್ತಾರೆ. ಅದರಿಂದ ಕೆಲಸದಲ್ಲಿ ಏನು ವ್ಯತ್ಯಾಸ?

ಜರ್ಮನಿಯ ವಿಲ್ಲಿಂಗನ್‌ನಲ್ಲಿ 1952ರಲ್ಲಿ ನಡೆದ ಸಮ್ಮೇಳನದ ನಂತರ ಈ ವಿಚಾರ ಬೇರೂರಿತು. ಚೀನಾದಿಂದ ಮಿಷನರಿಗಳೆಲ್ಲ ಹೊರದೂಡಲ್ಪಟ್ಟ ಕಾಲ ಅದು. ಸಂಸ್ಥೆಗಳು ಹೋದರೆ ದೇವರ ಕೆಲಸವೂ ನಿಂತಿತೇ ಎಂಬ ಪ್ರಶ್ನೆ ಎಲ್ಲರನ್ನೂ ಕಾಡಿತ್ತು. ವ್ಯತ್ಯಾಸ ದೊಡ್ಡದು. ಕೆಲಸ ದೇವರದ್ದು ಎಂದು ನಂಬಿದವನು ವರದಿಯಲ್ಲಿ ಸಂಖ್ಯೆ ಹಿಗ್ಗಿಸಬೇಕಾಗಿಲ್ಲ, ಅವಸರಪಡಬೇಕಾಗಿಲ್ಲ, ತನಗಿಂತ ಮೊದಲೇ ಆ ಊರಿನಲ್ಲಿ ದೇವರು ಏನು ಮಾಡುತ್ತಿದ್ದಾನೆಂದು ನೋಡುವ ತಾಳ್ಮೆ ಅವನಿಗೆ ಬರುತ್ತದೆ. ಸೋಮಯ್ಯನವರು ಘಟ್ಟ ಇಳಿದು ಮಂಗಳೂರಿಗೆ ಹೋದಾಗ ಕೊಡಗಿನಲ್ಲಿ ಪ್ರಾಟೆಸ್ಟೆಂಟ್ ಮಿಷನ್ ಕೇಂದ್ರವೇ ಇರಲಿಲ್ಲ.

ನಮ್ಮ ಸಭೆಯಿಂದ ಹೊಸದಾಗಿ ಕೆಲಸ ಶುರು ಮಾಡಬೇಕು ಅಂತಿದ್ದೇವೆ. ಹೊರದೇಶದ ಹಣ ತರಿಸಬಹುದಾ? ಎಲ್ಲಿಂದ ಆರಂಭಿಸಲಿ?

ಹೊರದೇಶದ ಹಣಕ್ಕೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20 ಮೀರುವಂತಿಲ್ಲ. ಚಿಕ್ಕ ಸಭೆಗೆ ಇದು ಹೊರಲಾರದ ಹೊರೆ, ಮತ್ತು ಇದರ ಅಗತ್ಯವೂ ಇಲ್ಲ. ನಿಮ್ಮ ಕಾಣಿಕೆಯಿಂದ ನಡೆಯುವಷ್ಟನ್ನೇ ಆರಂಭಿಸಿ.

ಮೊದಲ ವರ್ಷ ಒಂದೇ ಊರನ್ನೋ ಒಂದೇ ತೋಟವನ್ನೋ ಆರಿಸಿಕೊಂಡು, ಅಲ್ಲಿಯ ಮಾತು ಕಲಿಯಿರಿ. ಯರವರ ಹಾಡಿಯಾದರೆ ಯರವ ಭಾಷೆ, ಐನ್‌ಮನೆಯ ನೆರೆಯಾದರೆ ಕೊಡವ ತಕ್ಕ್. ಇಬ್ಬರಿಗಿಂತ ಕಡಿಮೆ ಮಂದಿ ಹೋಗಬೇಡಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಯಾರಿಗೂ ಹಣ ಕೊಡಬೇಡಿ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿದಾಗ, ಆನೆ ಗದ್ದೆ ತುಳಿದಾಗ, ಸಾವಾದಾಗ ಮೊದಲು ತಲುಪುವವರಲ್ಲಿ ನೀವೂ ಇರಿ. ಫೋಟೊ ತೆಗೆದು ಹಾಕಬೇಡಿ. ದೀಕ್ಷಾಸ್ನಾನ ಕೇಳಿದವರಿಗೆ ಮನೆಯವರ ಜೊತೆ ಮಾತಾಡಲು ಸಮಯ ಕೊಡಿ, ಸಾಧ್ಯವಾದರೆ ನೀವೂ ಆ ಮಾತಿನಲ್ಲಿ ಕೂರಿ. ವರ್ಷದ ಜಮಾಖರ್ಚನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ದೇವಾಲಯದ ಹೊರಬಾಗಿಲಿಗೆ ಅಂಟಿಸಿ. ಕ್ರೈಸ್ತರಲ್ಲದ ನೆರೆಯವರೂ ಅದನ್ನು ಓದುವಂತಿರಲಿ.